ತಡವಾಗಿ ಬೀಳುವ ಎಡಗೈ

ಈ ಬಿಸಿಲಲ್ಲಿ ಕೆಲಸ ಬಿಟ್ಟು ಬಂದಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿರುವ ಮಂಜೂರ್ ಅವರ ಪತ್ನಿ ನೂರ್ಜಹಾನ್ ಅವರಿಗೂ, ಮಗಳು ರಿಮ್ಶಾಗೂ ನನ್ನ ನಮಸ್ಕಾರ.

ಮಂಜೂರ್ ಅವರು ಈ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನಮ್ಮದು ಎದುರುಬದುರು ಮೇಜು. ಅವರು ಎಂಥ ಒಳ್ಳೆಯ ಮೇಷ್ಟ್ರು ಎಂದು ನನಗಿಂತ ಮುಂಚೆ ಮಾತಾಡಿದವರು ಹೇಳಿದ್ದಾರೆ. ನಾನು ಒಂದೇ ಒಂದು ಸಂಜೆಯ ಮಾತು ಹೇಳುತ್ತೇನೆ. ಅದನ್ನು ಹೇಳದೆ ಇಲ್ಲಿಂದ ಇಳಿಯಲಾರೆ.

ಮಂಜೂರ್ ಡ್ರಮ್ಸ್ ನುಡಿಸುತ್ತಿದ್ದರು. ನಮ್ಮ ಹಳೆಯ ವಿದ್ಯಾರ್ಥಿ ಸೂರ್ಯ ಕಟ್ಟಿದ ರಾಕ್ ಬ್ಯಾಂಡಿನಲ್ಲಿ, ಹುಡುಗರ ನಡುವೆ ನರೆಗೂದಲಿನವರು ಇವರೊಬ್ಬರೇ. ಸೂರ್ಯ ಇಲ್ಲೇ ಇದ್ದಾನೆ — ಅಗೋ, ಕಿಟಕಿಯ ಪಕ್ಕ, ಗಿಟಾರ್ ಹಿಡಿದುಕೊಂಡು. ಅವನ ಹಾಡುಗಳ ಕನ್ನಡ ತಿದ್ದಿದವಳು ನಾನು. ಅವನಿಗೆ ತಾಳ ಕೊಟ್ಟವರು ಮಂಜೂರ್.

ಆ ತಾಳ ಎಲ್ಲಿಂದ ಬಂತು? ರಸೆಲ್ ಮಾರುಕಟ್ಟೆಯಲ್ಲಿ ಮಂಜೂರ್ ಅವರ ತಂದೆಗೆ ಮಾಂಸದ ಅಂಗಡಿ ಇತ್ತು. ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು, ಮರದ ದಿಮ್ಮಿಯ ಮೇಲೆ ಖೀಮಾ ಕೊಚ್ಚುತ್ತಿದ್ದರಂತೆ. ಯಾವಾಗಲೋ ಮುರಿದು ಕೂಡಿಕೊಂಡ ಎಡ ಮಣಿಕಟ್ಟು. ಹಾಗಾಗಿ ಎಡಗೈಯ ಏಟು ಒಂದು ಚೂರು ತಡವಾಗಿ ಬೀಳುತ್ತಿತ್ತು. ಮಂಜೂರ್ ಅದನ್ನು ಎರಡು ಸ್ಕೇಲು ಹಿಡಿದು ಮೇಜಿನ ಮೇಲೆ ಬಾರಿಸಿ ತೋರಿಸುತ್ತಿದ್ದರು — ಹೀಗೆ — ಟಕ ಟಕ... ಟಕ್. ಟಕ ಟಕ... ಟಕ್.

"ಕೇಳಿಸ್ತಾ ಮೇಡಂ? ಆ ಗ್ಯಾಪ್ ಇದೆಯಲ್ಲ, ಅದೇ ನಮ್ಮ ಅಬ್ಬಾ."

ಕವಿತೆ ಓದುವವಳಿಗೆ ಇದಕ್ಕಿಂತ ಏನು ಬೇಕು? ನಿಮ್ಮ ಬ್ಯಾಂಡ್ ಕೇಳಬೇಕು ಎಂದೆ. "ಈ ಶನಿವಾರದ ನಮ್ ಶೋ ಕ್ಯಾನ್ಸಲ್ ಆಯ್ತಂತೆ, ಸೂರ್ಯ ಮೆಸೇಜ್ ಹಾಕಿದಾನೆ. ಪರವಾಗಿಲ್ಲ, ಇಂದಿರಾನಗರದಲ್ಲಿ ಅವತ್ತೇ ಬೇರೆ ಬ್ಯಾಂಡ್‌ಗಳು ಬರ್ತಿವೆ, ಬನ್ನಿ" ಎಂದರು.

ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿದೆವು. ಅವರ ಜೇಬಿನಲ್ಲಿ ನನಗೆಂದು ತಂದ ಹತ್ತಿ. "ಕಿವೀಗೆ ಇಟ್ಕೊಳ್ಳಿ. ನಾಳೆ ಕ್ಲಾಸಲ್ಲಿ ಮಕ್ಕಳು ಪ್ರಶ್ನೆ ಕೇಳಿದ್ರೆ ಆಂ, ಆಂ ಅಂತೀರಿ ಆಮೇಲೆ." ನಾಳೆ ಭಾನುವಾರ ಎಂದೆ. ಮಕ್ಕಳ ಹಾಗೆ ನಕ್ಕರು.

ಸಣ್ಣ ಹಾಲ್. ನಿಲ್ಲಲು ಜಾಗವಿಲ್ಲದಷ್ಟು ಜನ. ಕಾಟನ್ ಸೀರೆಯಲ್ಲಿದ್ದವಳು ನಾನೊಬ್ಬಳೇ. ಮಂಜೂರ್ ನನ್ನ ಕಿವಿಯ ಹತ್ತಿರ ಬಂದು ಕೂಗಿದರು: "ಹಾಡೋನ್ನ ನೋಡ್ಬೇಡಿ, ಹಿಂದೆ ಕೂತೋನ್ನ ನೋಡಿ! ಅವನು ಕೋಲು ತಟ್ಟಿ ಎಣಿಸೋವರೆಗೂ ಯಾರೂ ಶುರು ಮಾಡಂಗಿಲ್ಲ!" ಆಮೇಲೆ ನನಗೆ ಆ ಗದ್ದಲದೊಳಗಿನ ಲೆಕ್ಕ ಕಾಣತೊಡಗಿತು. ಎರಡು ಬ್ಯಾಂಡ್ ಕೇಳಿದೆವು. ನಿಜಕ್ಕೂ ಸಂತೋಷವಾಗಿತ್ತು.

ಮೂರನೆಯವರು ವೇದಿಕೆಗೆ ಬಂದರು. ಮುಂದೆ — ಸೂರ್ಯ. ಹಿಂದೆ, ಮಂಜೂರ್ ಕೂರಬೇಕಾದ ಜಾಗದಲ್ಲಿ ಬೇರೊಬ್ಬ ಹುಡುಗ.

ರದ್ದಾಗಿದ್ದದ್ದು ಕಾರ್ಯಕ್ರಮವಲ್ಲ.

ಸೂರ್ಯ ಮೈಕಿನಲ್ಲಿ ಹೇಳಿದ: "ಒಂದಿನ ಬೆಳಿಗ್ಗೆ ರಸೆಲ್ ಮಾರ್ಕೆಟಲ್ಲಿ ಸುಮ್ನೆ ಸುತ್ತಾಡ್ತಿದ್ದೆ ಗುರು. ಯಾರೋ ಖೀಮಾ ಕೊಚ್ತಾ ಇದ್ರು. ಆ ಸೌಂಡ್ ನನ್ನ ತಲೇಲಿ ಕೂತ್ಬಿಡ್ತು. ಅದೇ ಈ ಹಾಡು!"

ಯಾರೋ. ಯಾರೋ ಅಂತೆ.

ಜನ ಕೂಗಿದರು. ಹಾಡು ಶುರುವಾಯಿತು. ನಾನು ಮಂಜೂರ್ ಅವರ ಮುಖ ನೋಡಲಾರದೆ ಕೈ ನೋಡಿದೆ. ಮುಂದಿನ ಕಂಬಿಯ ಮೇಲೆ ಅವರ ಬೆರಳು ತಾಳ ಹಾಕುತ್ತಿತ್ತು. ಹಾಕುತ್ತ ಹಾಕುತ್ತ ನಿಂತುಹೋಯಿತು. ಆ ಹುಡುಗ ಸಮವಾಗಿ ಬಾರಿಸುತ್ತಿದ್ದ. ತಡವಾಗಿ ಬೀಳುವ ಏಟೇ ಇರಲಿಲ್ಲ.

"ಅಬ್ಬಾ ಅವರ ಕೈನ ಸರಿಮಾಡ್ಬಿಟ್ಟಿದಾರೆ, ಮೇಡಂ" ಎಂದರು. ಅಷ್ಟೇ.

ವೇದಿಕೆಯ ಹಿಂದೆ ಹೋಗಿ ಸೂರ್ಯನನ್ನು ಕೇಳೋಣ ಎಂದು ನಾನು ಹೊರಟೆ. ತಡೆದರು. "ಬೇಡ. ಹುಡುಗರು. ಅವನೇ ಫೋನ್ ಮಾಡ್ತಾನೆ ನೋಡಿ." ಆಮೇಲೆ ಸ್ಟಾಫ್ ರೂಮಿನಲ್ಲಿ ಫೋನ್ ಸದ್ದಾದಾಗಲೆಲ್ಲ ಅವರು ತಲೆ ಎತ್ತುತ್ತಿದ್ದರು. ಎದುರಿನ ಮೇಜಿನಿಂದ ನಾನು ನೋಡುತ್ತಿದ್ದೆ. ಆ ಫೋನು ಬರಲಿಲ್ಲ. ಹೋದ ತಿಂಗಳು ಅವರಿಗೆ ಹೃದಯಾಘಾತವಾಯಿತು. ಆಸ್ಪತ್ರೆಗೂ ಅವನು ಬರಲಿಲ್ಲ.

ಇವತ್ತು ಬಂದಿದ್ದಾನೆ. ನನ್ನ ಮಾತಾದ ಮೇಲೆ ಗುರುಗಳ ನೆನಪಿಗೆ ಅದೇ ಹಾಡು ಹಾಡುತ್ತಾನಂತೆ. ಹಿಂದೆ ಡ್ರಮ್ಸ್ ಜೋಡಿಸಿಟ್ಟಿದ್ದಾರೆ, ನೀವೂ ನೋಡುತ್ತಿದ್ದೀರಿ. ದುಃಖದ ಸಭೆಯಲ್ಲಿ ಇಂಥ ಮಾತು ಆಡಬಾರದು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಮಂಜೂರ್ ಬದುಕಿದ್ದಾಗ ಅವರು ಬೇಡವೆಂದರೆಂದು ಸುಮ್ಮನಿದ್ದೆ. ಈಗ ತಡೆಯುವವರಿಲ್ಲ.

ಸೂರ್ಯ — ನಿನ್ನ ಮೇಲೆ ನನಗೆ ಕೋಪ ಇದೆ. ನೀನು ಬೇರೆ ಯಾರೋ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹಾಡುವ ಮೊದಲು ಈ ಮೈಕಿಗೆ ಬಾ. ಆ ತಾಳ ಯಾರ ಕೈಯದು ಎಂದು ರಿಮ್ಶಾಳ ಮುಖ ನೋಡಿ ಹೇಳು. ಅವಳಿಗೆ ಅದು ತಾತನ ಕೈ. ಹೇಳಿದ ಮೇಲೆ ಹಾಡು, ನಾನೂ ಕೂತು ಕೇಳುತ್ತೇನೆ. ಹೇಳಲು ಆಗದಿದ್ದರೆ ಆ ಕೋಲುಗಳನ್ನು ಯಾರೂ ಮುಟ್ಟಬೇಡಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮಂಜೂರ್ ಅವರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ.

ಮೈಕ್ ಆಫ್ ಮಾಡಬೇಡಿ. ಹಾಗೇ ಇರಲಿ.