ತಿಳವಳ್ಳಿಯ ಕೋಳಿ ಶೆಡ್ಡಿನ ಬೀಗ

"ಹಲೋ… ಹಾಂ, ಹಲೋ. ಯಾರ್ರಿ ಮಾತಾಡೂದು?"

ಗುರುತಿನ ನಂಬರಲ್ಲ. ಸರೋಜವ್ವ ಫೋನನ್ನು ಒಮ್ಮೆ ದೂರ ಹಿಡಿದು ನೋಡಿ ಮತ್ತೆ ಕಿವಿಗಿಟ್ಟುಕೊಂಡಳು. ಹಿರೇಕೆರೂರಿನ ತಂಗಿಯ ಮನೆಯಲ್ಲಿ ಆಕೆಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮನೆ ತುಂಬ ಜನ. ಮಾತು ಕೇಳಿಸಲೆಂದು ಹಿತ್ತಲಿಗೆ ಬಂದು ಬಚ್ಚಲ ಗೋಡೆಯ ಹತ್ತಿರ ನಿಂತಳು. ಮೇ ತಿಂಗಳ ಮಧ್ಯಾಹ್ನ. ಮೋಡ ಕವಿದಿತ್ತು, ಮಳೆ ಇರಲಿಲ್ಲ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ನಿಂತಲ್ಲೇ ಕುಪ್ಪಸ ಬೆನ್ನಿಗೆ ಅಂಟಿತು.

"ಇನಾಯತ? ಯಾವ ಇನಾಯತ?… ಅಕ್ಕಿಆಲೂರಾಗ ನನಗ ಯಾರೂ ಗುರ್ತಿಲ್ಲ. ನನ್ನ ನಂಬರ ಯಾರ ಕೊಟ್ರು?… ಗ್ವಾಡಿ ಮ್ಯಾಲೆ? ಹಾಂ, ಬರಸೇನಿ. ಜವಾರಿ ಕೋಳಿ, ತತ್ತಿ ಸಿಗತಾವ ಅಂತ ಬರಸೇನಿ. ನಾ ಊರಾಗಿಲ್ಲ. ನಾಳಿ ಬರ್ರಿ."

ಅಲ್ಲಿಗೆ ಫೋನು ಇಡುವವಳಿದ್ದಳು. ಆ ಕಡೆಯವನು ಇಡಗೊಡಲಿಲ್ಲ.

"ಏನಂದ್ರಿ? ಕೋಳಿ ಏನ ಮಾಡಾಕತ್ತಾವು?… ಅಲ್ಲ, ನೀವ ಹೆಂಗ ನೋಡಿದ್ರಿ? ಕಿಟಕಿಗೆ ತಾಡಪತ್ರಿ ಬಿಗದೇನಿ, ಬಾಗಿಲಕ್ಕ ಬೀಗ ಐತಿ. ಒಳಗಿಂದು ನಿಮಗ ಹೆಂಗ ಕಂಡೀತು, ಅದನ್ನ ಹೇಳ್ರಿ ಮೊದಲ."

ಕೋಳಿ ಕೊಳ್ಳಲು ನಿಮ್ಮ ತಿಳವಳ್ಳಿಗೆ ಬಂದಿದ್ದೆ, ತಾಡಪತ್ರಿಯ ಸಂದಿನಲ್ಲಿ ಇಣುಕಿದೆ, ಕೋಳಿಗಳು ಧಗೆಗೆ ಬಾಯಿ ತೆರೆದು ಏದುಸಿರು ಬಿಡುತ್ತಿವೆ, ಕೀಲಿ ಎಲ್ಲಿದೆ ಎಂದು ಅವನು ಕೇಳಿದ. ಹೋದ ವರ್ಷವೂ ಇದೇ ಬೇಸಿಗೆಯಲ್ಲಿ ಯಾರೋ ಜಾಲರಿ ಕತ್ತರಿಸಿ ಕೋಳಿ ಒಯ್ದಿದ್ದರು. ಗಂಡ ತೀರಿದ ಮೇಲೆ ಅವಳ ಒಲೆ ಉರಿದದ್ದೇ ಆ ಕೋಳಿಗಳಿಂದ. ಒಯ್ದವರು ಸಿಗಲಿಲ್ಲ. ಪಕ್ಕದ ಮನೆಯ ಬೀರಪ್ಪನ ಮೇಲೆ ಅವಳಿಗೆ ಗುಮಾನಿ. ಹಾಲಿನ ಡೇರಿಯ ಮುಂದೆ, ನಾಲ್ಕು ಜನರೆದುರು ಅದನ್ನು ಅಂದೂ ಬಿಟ್ಟಿದ್ದಳು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಈ ಸಲ ಊರು ಬಿಡುವಾಗ ಯಾರನ್ನೂ ನಂಬಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿ, ಒಳಗೆ ಫ್ಯಾನು ಹಚ್ಚಿಟ್ಟು, ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದ್ದಳು.

"ಫ್ಯಾನು ತಿರಗವಲ್ದಾ?… ಕರೆಂಟ ಯಾವಾಗ ಹೋತು?… ಗೊತ್ತಿಲ್ಲ. ನಿನಗ ಅದೇನೂ ಗೊತ್ತಿಲ್ಲ. ಕೀಲಿ ಎಲ್ಲೈತಿ ಅನ್ನೂದಷ್ಟ ಬೇಕು, ಅಲ್ಲೇನು?"

'ನೀವು' ಹೋಗಿ 'ನೀನು' ಆದದ್ದು ಅವಳ ಗಮನಕ್ಕೇ ಬರಲಿಲ್ಲ.

"ಕೀಲಿ ನನ್ನ ಕಡೆ ಐತಿ. ಅಲ್ಲಿ ಯಾರ ಕಡೆನೂ ಇಲ್ಲ… ಒಂದ ಕೆಲಸ ಮಾಡು. ಫೋನ ಆ ಸಂದ್ಯಾಗ ಹಿಡಿ. ನನ್ನ ಕೋಳಿ ದನಿ ನನಗ ಕೇಳಸು. ಆಮ್ಯಾಲೆ ನೋಡೂಣು."

ಏನೋ ಸರಸರ ಎಂದಿತು. ಆಮೇಲೆ ಏನೂ ಇಲ್ಲ. ಕೊಕ್ಕೋ ಎನ್ನುವುದಿಲ್ಲ, ಕೆದಕುವ ಸದ್ದಿಲ್ಲ. ಧಗೆಗೆ ಸಿಕ್ಕ ಕೋಳಿ ಕೂಗುವುದಿಲ್ಲ. ಕೊಕ್ಕು ತೆರೆದು, ರೆಕ್ಕೆ ಅಗಲಿಸಿ, ಸುಮ್ಮನೆ ನಿಲ್ಲುತ್ತದೆ. ಸರೋಜವ್ವನಿಗೆ ಅದು ಗೊತ್ತಿತ್ತು. ಖಾಲಿ ಶೆಡ್ಡೂ ಹಾಗೇ ಸುಮ್ಮನಿರುತ್ತದೆ ಎಂಬುದೂ ಗೊತ್ತಿತ್ತು.

"ಒಂದೂ ದನಿ ಇಲ್ಲಲ್ಲ. ಕೋಳಿ ಅದಾವೋ, ತುಂಬಿಕೊಂಡ ಹೊಂಟೀಯೋ?… ಆಣಿ ಬ್ಯಾಡ. ಆಣಿ ಎಲ್ಲಾರೂ ಮಾಡ್ತಾರ. ಹೆಂಗ ನಿಂತಾವು ಹೇಳು… ಹಾಂ… ಗ್ವಾಡಿಗೆ ಒತ್ತಿಕೊಂಡು… ಬೋಳು ಕುತ್ತಿಗಿದು ಒಂದೈತಿ, ಕಾಣತೈತೇನು?… ನೀರಿನ ಡಬ್ಬಿ ಹಂತ್ಯಾಕ? ಬಿದ್ದೈತಾ?… ಡಬ್ಬಿ ಉಳ್ಳಿ ನೀರ ಚೆಲ್ಲೈತಾ?"

ಬೋಳು ಕುತ್ತಿಗೆಯ ಹುಂಜ ಯಾವಾಗಲೂ ನೀರಿನ ಡಬ್ಬಿಯ ಹತ್ತಿರವೇ ಇರುವುದು. ಅದನ್ನು ಇಣುಕಿ ನೋಡದೆ ಹೇಳಲಾಗದು. ಅವಳ ಅನುಮಾನ ಒಂದಿಷ್ಟು ಸಡಿಲಾಯಿತು. ಅಷ್ಟರಲ್ಲಿ ಇನಾಯತ, ಟಾಕಿಯಿಂದ ನೀರು ತಂದು ಸಂದಿನೊಳಗೆ ಎರಚಿದ್ದೇನೆ ಎಂದ.

"ಒಳಗ ಉಗ್ಗಿದ್ಯಾ? ಕೋಳಿ ಮ್ಯಾಲೆ?… ಬ್ಯಾಡ, ನಿಲ್ಲಸು. ಕೇಳಿಲ್ಲಿ. ಇವತ್ತ ಗಾಳ್ಯಾಗ ಮೊದಲ ಪಸಿ ತುಂಬೈತಿ. ಮುಚ್ಚಿದ ಶೆಡ್ಡಿನ್ಯಾಗ ನೀರ ಉಗ್ಗಿದ್ರ ಉಗಿ ಏಳತೈತಿ, ಅವಕ್ಕ ಇನ್ನಷ್ಟ ಉಸರ ಕಟ್ಟತೈತಿ. ಮೊದಲ ತಾಡಪತ್ರಿ ಹರಿ… ಹರಿ ಅಂದ್ನೆಲ್ಲ, ಎರಡೂ ಕಡೆ ಹರಿ. ಗಾಳಿ ಆಡ್ಲಿ. ನೀರ ಒಳಗ ಬ್ಯಾಡ, ಛಾವಣಿ ತಗಡಿನ ಮ್ಯಾಲೆ ಸುರಿ. ಅಲ್ಲಿ ಭತ್ತದ ಹುಲ್ಲ ಹಾಸೇನಿ, ಅದು ತೊಯ್ಲಿ."

ಪರಪರ ಹರಿದ ಸದ್ದು ಕೇಳಿತು. ಆ ಗಂಟುಗಳನ್ನು ಬಿಗಿದದ್ದು ಅವಳೇ. ಕಳ್ಳರು ಬರಬಾರದೆಂದು ಬಿಗಿದಿದ್ದಳು. ಗಾಳಿಯೂ ಬರಲಿಲ್ಲ.

"ಏನಾತು?… ಏಳವಲ್ಲವಾ?… ಹೊರಗ ತರಬೇಕು, ಹೌದು, ಬೇವಿನ ಗಿಡದ ನೆಳ್ಳಿಗೆ… ಹಾಂ."

ಅವಳ ಕೈ ಸೆರಗಿನ ಗಂಟಿಗೆ ಹೋಯಿತು. ತಾನು ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

"ಬೀಗ ಒಡಿ. ಕಲ್ಲ ತಗೊಂಡು ಒಡಿ."

ಅವನು ಒಲ್ಲೆನೆಂದ.

"ಯಾಕ? ಇಷ್ಟೊತ್ತನ ಕೀಲಿ ಕೀಲಿ ಅಂತಿದ್ದಿ… ಹಾಂ… ಹಾಂ…"

ತಾನು ಪರ ಊರಿನವನು, ಯಾರೂ ಇಲ್ಲದ ಮನೆಯ ಬೀಗಕ್ಕೆ ಕಲ್ಲು ಹಾಕಿದ್ದನ್ನು ಕಂಡವರು ಮೊದಲು ಕೈ ಮಾಡುತ್ತಾರೆ, ಆಮೇಲೆ ಹೆಸರು ಕೇಳುತ್ತಾರೆ ಎಂದು ಇನಾಯತ ತಗ್ಗಿದ ದನಿಯಲ್ಲಿ ಹೇಳಿದ. ಊರಿನವರೊಬ್ಬರು ಎದುರಿಗೆ ನಿಲ್ಲಬೇಕು, ಅವರಿಗೆ ನೀವೇ ಹೇಳಬೇಕು ಎಂದ. ಇಷ್ಟು ಹೊತ್ತು ಸರೋಜವ್ವ ಅವನಿಗೆ ಅಂಜಿದ್ದಳು. ಅವನೂ ಅಂಜಿಕೊಂಡು ನಿಂತಿದ್ದಾನೆಂದು ಹೊಳೆದಿರಲಿಲ್ಲ.

"ಓಣ್ಯಾಗ ಯಾರ ಅದಾರ ನೋಡ್ರಿ… ಎಲ್ಲಾರೂ ಹೊಲಕ್ಕ ಹೋಗ್ಯಾರ?… ಬಾಜೂ ಕಟ್ಟಿ ಮ್ಯಾಲೆ ಒಬ್ಬರು?… ಅವರ ಬ್ಯಾಡ. ಬ್ಯಾರೆ ಯಾರನ್ನರೆ ಕರೀರಿ."

ಬೇರೆ ಯಾರೂ ಇರಲಿಲ್ಲ. ಇನ್ನೊಂದು ಕೋಳಿ ಒರಗಿತು ಎಂದ ಇನಾಯತ.

"ಫೋನ ಅವರಿಗೆ ಕೊಡ್ರಿ."

ಚಪ್ಪಲಿಯ ಸದ್ದು, ಏನೋ ಮಾತು, ಆಮೇಲೊಂದು ಕೆಮ್ಮು. ಆ ಕೆಮ್ಮು ಅವಳಿಗೆ ಗೊತ್ತು. ಗೋಡೆಯ ಆಚೆಯಿಂದ ದಿನವೂ ಕೇಳುವುದೇ.

"ಬೀರಪ್ಪಣ್ಣಾ… ನಾನು, ಸರೋಜವ್ವ… ಹಾಂ, ಹಿರೇಕೆರೂರಾಗ ಅದೇನಿ. ಶೆಡ್ಡಿನ ಬೀಗ ಒಡೀಬೇಕಾಗೈತಿ. ನಾನ ಹೇಳಾಕತ್ತೇನಿ. ಆ ಮನಷ್ಯಾಗ ಯಾರೂ ಏನೂ ಅನ್ನದಂಗ ನೀವ ಮುಂದ ನಿಂದರ್ರಿ."

ಬೀರಪ್ಪ ಕೂಡಲೇ ಹೂಂ ಅನ್ನಲಿಲ್ಲ. ನಾನು ಒಳಗೆ ಕಾಲಿಟ್ಟ ಮೇಲೆ ಒಂದು ಪುಕ್ಕ ಕಡಿಮೆಯಾದರೂ ನನ್ನ ಹೆಸರೇ ಬರುತ್ತದಲ್ಲ ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಉತ್ತರ ಕೊಡುವುದು ಸಲೀಸಾಗುತ್ತಿತ್ತು.

"ಬರೂದಿಲ್ಲ… ಬರೂದಿಲ್ಲ ಅಂದ್ನೆಲ್ಲ ಅಣ್ಣಾ. ಉಳಿದದ್ದು ನಾ ಬಂದ ಮ್ಯಾಲೆ ಎದುರಿಗೆ ಕುಂತು ಕೇಳ್ರಿ. ಈಗ ಒಡೀರಿ."

ಕಲ್ಲಿನ ಪೆಟ್ಟು ಒಂದಾದ ಮೇಲೊಂದು ಬಿತ್ತು. ತಗಡಿನ ಬಾಗಿಲು ನೆಲಕ್ಕೆ ಕೆರೆಯುತ್ತ ಸರಿಯಿತು. ಇಬ್ಬರು ಗಂಡಸರು ಒಬ್ಬರಿಗೊಬ್ಬರು ಕೂಗಿ ಹೇಳುವುದು, ತಗಡಿನ ಮೇಲೆ ಧೋ ಎಂದು ನೀರು ಬೀಳುವುದು ಕೇಳಿಸಿತು. ಒಳಗಿನಿಂದ ತಂಗಿ ಊಟಕ್ಕೆ ಕರೆದಳು. ಸರೋಜವ್ವ ಕೈಸನ್ನೆಯಲ್ಲೇ ತಡೆದಳು.

"ಹಲೋ… ಹೊರಗ ಬಂದ್ವಾ?… ಹಾಂ… ಎಷ್ಟ ಹೋಗ್ಯಾವು?… ನಾಕು."

ನಾಲ್ಕೇ ಹೌದೋ ಎಂಬ ಮಾತು ತುದಿ ನಾಲಿಗೆಗೆ ಬಂತು. ನುಂಗಿಕೊಂಡಳು.

"ಉಳಿದಾವು ನೀರ ಕುಡ್ಯಾಕತ್ತಾವೇನು?… ಇನಾಯತ ಕುಡಿಸಾಕತ್ತಾರ? ಹಾಂ… ಬೋಳು ಕುತ್ತಿಗಿದು?… ಎದ್ದ ನಿಂತೈತಾ?" ಫೋನಿನೊಳಗೆ ಎಲ್ಲೋ ದೂರದಲ್ಲಿ ಒಂದು ಕೋಳಿ ಬೇಸರದಿಂದ ಎಂಬಂತೆ ಕೊಕ್ ಎಂದಿತು. ಅವಳು ಕಣ್ಣೊರೆಸಿಕೊಂಡಳು. "ಕೇಳಿತು ಅಣ್ಣಾ, ಕೇಳಿತು."

ಬೀಗ ಮುರಿದುಹೋಗಿದೆ, ಬಾಗಿಲೂ ಕೂಡುವುದಿಲ್ಲ, ಇನ್ನು ಇವುಗಳ ಗತಿ ಏನು ಎಂದು ಬೀರಪ್ಪ ಕೇಳಿದ.

"ಸಂಜೀ ಬಸ್ಸಿಗೆ ಬರ್ತೇನಿ… ಅಲ್ಲೀತನಕ… ಅಲ್ಲೀತನಕ ನೀವ ಕಾಯ್ರಿ ಬೀರಪ್ಪಣ್ಣಾ. ನೀವ ಅದೀರಿ ಅಂದ್ರ ನನಗ…"

ಫೋನಿನಲ್ಲಿ ಕಿರ್ ಎಂದಿತು, ಆ ಕಡೆಯ ದನಿ ಕಡಿದುಹೋಯಿತು.

"ಹಲೋ… ನೀವ ಕಾಯ್ರಿ ಅಂದ್ನಿ, ಕೇಳಿಸ್ತೇನು?… ಹಲೋ…"