ಪ್ರಿಂಟರಿನ ನಂಬರು

ಆರನೇ ಬೆಡ್ಡಿನಲ್ಲಿದ್ದ ಅಪ್ಪನ ರಕ್ತದ ರಿಪೋರ್ಟಿಗಾಗಿ ಮಗಳು ಎರಡು ಗಂಟೆಯಿಂದ ಸಾಲಿನಲ್ಲಿ ನಿಂತಿದ್ದಳು. ಕೌಂಟರಿನ ಹಿಂದೆ ಹಿರಿಯ ನರ್ಸು ನೆಟ್‌ವರ್ಕ್ ನೋಡಿಕೊಳ್ಳುವವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

"ವಾರ್ಡಿಗೆ ಬರಬೇಕಾದ ತುರ್ತು ರಿಪೋರ್ಟು ಸ್ಟೋರಿನ ಪ್ರಿಂಟರಲ್ಲಿ ಬಿದ್ದಿತ್ತು."

"ಬೆಳಿಗ್ಗೆ ಕರೆಂಟು ಹೋಗಿ ಬಂತಲ್ಲ ಸಿಸ್ಟರ್, ನೆಟ್‌ವರ್ಕಿನಲ್ಲಿ ನಿಮ್ಮ ಪ್ರಿಂಟರಿಗಿದ್ದ ನಂಬರು ಸ್ಟೋರಿನದಕ್ಕೆ ಸಿಕ್ಕಿಬಿಟ್ಟಿದೆ."

"ಹೋದ ತಿಂಗಳೂ ಇದೇ ಕಥೆ. ಒಂದೊಂದು ಪ್ರಿಂಟರಿಗೂ ಬದಲಾಗದ ನಂಬರು ಕೊಡಿ ಅಂತ ಬರೆದುಕೊಟ್ಟಿದ್ದೆ."

"ಅದು ಅರ್ಧ ದಿನದ ಕೆಲಸ. ಪುರುಸೊತ್ತು ಆಗಲಿಲ್ಲ."

"ಆ ರಿಪೋರ್ಟು ನೋಡಿ ಆರನೇ ಬೆಡ್ಡಿನವರಿಗೆ ಔಷಧಿ ಈಗಷ್ಟೇ ಕೊಟ್ಟುಬಂದೆ. ಎರಡು ಗಂಟೆ ತಡ. ಉಸಿರಾಡೋಕೆ ಒದ್ದಾಡ್ತಿದ್ದಾರೆ. ಮನೆಯವರಿಗೆ ನೀವು ಹೇಳ್ತೀರೋ, ನಾನೇ ಹೇಳಬೇಕೋ?"

ಅವನು ಲ್ಯಾಪ್‌ಟಾಪ್ ಎತ್ತಿಕೊಂಡ.

"ನಡೀರಿ, ಈಗಲೇ ಮಾಡಿ. ಮುಗಿಯೋವರೆಗೂ ಪಕ್ಕದಲ್ಲೇ ನಿಂತಿರ್ತೀನಿ."

ಇಬ್ಬರೂ ಒಳಗೆ ಹೋದರು. ಮಗಳು ಸಾಲು ಬಿಟ್ಟು ವಾರ್ಡಿನತ್ತ ಓಡಿದಳು.