ಕಿವಿ ಇಡುವ ಸರದಿ

ಚಾಪೆ ಬ್ಯಾಡ ಬಿಡು, ನೆಲಾನೇ ತಣ್ಣಗೈತೆ. ಇಲ್ಲೇ ಕೂತ್ಕೊಂತೀನಿ. ನೀನು ಮಾತಾಡದಿದ್ರೂ ಚಿಂತಿಲ್ಲ ಕಲ್ಲಪ್ಪ, ನಾನು ಬಂದ ಮಾತು ಆಡಿಯೇ ಏಳೋನು. ಹರಿಹರದಾಗೆ ಪೂಜೆ ಮುಗಿಸ್ಕೊಂಡು, ಬೆಳಗಿನ ಗಾಡಿ ಹತ್ತಿ, ಈ ಗಂಟು ತೊಡೆ ಮ್ಯಾಲೆ ಇಟ್ಕೊಂಡು ಬಂದೀನಿ. ಗಾಡಿಯಾಗೆ ಎದುರಿಗೆ ಕೂತೋನು ಕೇಳಿದ, ಏನ್ರಿ ಯಜಮಾನ್ರೆ, ಗಂಟಿನಾಗೆ ಕೂಸಾ ಅಂತ. ಹೌದಪ, ಎಂಟು ವರ್ಷದ ಬಸಿರು, ಈಗ ಹೆರಿಗೆ ಆಗೈತೆ ಅಂದೆ.

ನಗಲಿಲ್ಲ ನೀನು. ಮೊದಲಾಗಿದ್ರೆ ನಗ್ತಿದ್ದೆ.

ನಾವು ಕೂಡದೆ ಆರು ಭಾನುವಾರ ಆತು. ಎಂಟು ವರ್ಷದಾಗೆ ನಾವು ಒಂದು ಭಾನುವಾರ ತಪ್ಪಿಸಿದ್ದು ನೆನಪಿಲ್ಲ ನನಗೆ. ಒಂದು ವಾರ ನೀನು ಹರಿಹರಕ್ಕೆ, ಒಂದು ವಾರ ನಾನು ದಾವಣಗೆರೆಗೆ. ಬೆಲ್ಲದ ಅಂಗಡಿ ತೋಟಪ್ಪಗೂ, ಮಿಲ್ಲಿನಾಗೆ ನೂಲಿಗೆ ಗಂಜಿ ಹಚ್ಚೋ ಕಲ್ಲಪ್ಪಗೂ ಏನು ನಂಟು ಅಂತ ಊರೋರು ಕೇಳೋರು. ಗಿಟಾರು ಮಾಡ್ತಾರಂತೆ ಅಂದ್ರೆ ಬಾಯಿ ಮುಚ್ಕೊಂಡು ನಗೋರು. ಆ ರೈಲ್ವೆ ಗಾರ್ಡು ಕುತ್ತಿಗೆ ಮುರಿದ ಗಿಟಾರು ನಿನ್ನ ಕೈಗೆ ಕೊಟ್ಟಾಗ, ಅದನ್ನ ಪೇಪರಿನ ಮ್ಯಾಲೆ ಮಲಗಿಸಿ, ಇಬ್ಬರೂ ಬಗ್ಗಿ ಸುತ್ತ ಸೀಸದಕಡ್ಡಿ ಆಡಿಸಿದ್ವಲ್ಲ. ಅವತ್ತು ಹಿಡಿದ ಹುಚ್ಚು. ನನ್ನ ಮೊದಲನೇದು ಕುಂಬಳಕಾಯಿ ಹಂಗೆ ಉಬ್ಬಿತ್ತು. ನಿನ್ನ ಹೆಂಡ್ತಿ ತಿಮ್ಮವ್ವ ಅದನ್ನ ನೋಡಿ, ತೋಟಪ್ಪಾರೆ, ಇದಕ್ಕೆ ಒಂದು ಬಾಯಿ ಕೊರೀರಿ, ಕಾಳು ತುಂಬಿಡಾಕೆ ಆಗ್ತೈತೆ ಅಂದಿದ್ಲು.

ಇವತ್ತು ಆಕೆ ನನ್ನ ನೋಡಿ ಬರ್ರಿ ಅನ್ನಲಿಲ್ಲ. ಬಾಗಿಲಾಗೆ ನಿಂತೋಳು ಸೆರಗು ಎಳಕೊಂಡು ಒಳಗೆ ಹೋದ್ಲು. ಹೋಗ್ಲಿ. ಹೆತ್ತ ಹೊಟ್ಟೆ.

ಮಗಳು ದುರುಗವ್ವ ಒಳಗೈದಾಳಾ? ಕರೀಬ್ಯಾಡ, ಕರೀಬ್ಯಾಡ. ಸುಮ್ಮನೆ ಕೇಳಿದೆ. ಕಣ್ಣಿನ ಪಟ್ಟಿ ಬಿಚ್ಚಿದಾರಂತೆ. ಎಡಗಣ್ಣು ಇನ್ನು ಬರಂಗಿಲ್ಲ ಅಂತ ಡಾಕ್ಟರು ಕೈ ಚೆಲ್ಲಿದಾರಂತೆ, ನಿಮ್ಮ ಓಣಿ ಅಂಜಿನಪ್ಪ ಸಂತೆಯಾಗೆ ಸಿಕ್ಕಾಗ ಹೇಳಿದ. ಮಿಲ್ಲಿನೋರು ಏನಂದ್ರು? ಒಂದೇ ಕಣ್ಣಾಗೆ ಹರಿದ ಎಳೆ ಹುಡುಕಿ ಗಂಟು ಹಾಕಾಕೆ ಆಗಲ್ಲ ಅಂತ ತಗದೇ ಬಿಟ್ರಾ?

ಹೂಂ.

ನಾನು ದಿನಾ ಪೂಜೆಯಾಗೆ ಆಕೆ ಹೆಸರು ಹೇಳ್ತೀನಿ ಕಲ್ಲಪ್ಪ. ಲಿಂಗದ ಮ್ಯಾಲಿನ ಪತ್ರೆ ತಗದು ಕಣ್ಣಿಗೆ ಒತ್ತಿಕೊಂಡಾಗ ಆಕೆ ಕಣ್ಣೇ ನೆನಪಾಗ್ತೈತೆ. ಹಿಂಗಂದ್ರೆ ನಿನಗೆ ಸಮಾಧಾನ ಆಗಲ್ಲ, ಗೊತ್ತು. ಆದರೂ ನೀನು ನಿನ್ನನ್ನೇ ಹಳಕೊಂಡು ಹಿಂಗೆ ಮೂಲೆ ಹಿಡಿಯೋದು ಸರಿಯಲ್ಲ. ನೀನು ತಂತಿ ಹೆಚ್ಚು ಬಿಗಿದೆ ಅಂತ ನಾನು ಯಾರಿಗೂ ಹೇಳಿಲ್ಲ. ಬಿಗೀಲೇಬೇಕಲ್ಲ, ಉಕ್ಕಿನ ತಂತಿ. ತಪ್ಪು ನಿನ್ನ ಕೈದಲ್ಲ. ಅಂಟಿಂದು. ಅಂಟು ಕಾಸೋ ರಹಮತ್ ಬೀ ಕೊಟ್ಟ ವಜ್ರದ ಅಂಟು ಕೆಟ್ಟಿತ್ತು. ದನದ ತೊಗಲು, ಎಲುಬು ನೆಟ್ಟಗೆ ಕುದಿಸಿರಾಕಿಲ್ಲ ಆಕೆ. ಗಂಡ ಸತ್ತ ಮ್ಯಾಲೆ ಒಬ್ಬಳೇ ಒಲೆ ಮುಂದೆ ಕೂತು ಎಷ್ಟು ಅಂತ ನೋಡ್ಯಾಳು. ಬಡಗೇರ ಮಾಲತೇಶಪ್ಪ ಕೇಳಿದ, ಹಿಂಗಿಂಗೆ ಅಂತ ಹೇಳಿದೆ. ನಾಲ್ಕು ಮಂದಿಗೆ ಮತ್ತೆ ಹಂಗಾಗಬಾರದಲ್ಲ. ಈಗ ಬಡಗೇರು ಯಾರೂ ಆಕೆ ಹತ್ರ ವಜ್ರ ತಗೊಳಲ್ಲಂತೆ. ನಾನೇನೂ ತಗೋಬ್ಯಾಡ್ರಿ ಅನ್ನಲಿಲ್ಲ, ನೋಡ್ಕೊಂಡು ತಗೋರಿ ಅಂದೆ.

ಯಾಕ ಹಂಗೆ ನೋಡ್ತೀಯ?

ಇಲ್ಲಿಗಾ? ರಹಮತ್ ಬೀ ಇಲ್ಲಿಗೆ ಬಂದಿದ್ಲಾ? ಯಾವಾಗ? ಇದೇ ಜಾಗದಾಗೆ ಕೂತಿದ್ಲಾ…

ಏನಂದ್ಲು? ಅಳ್ತಾಳೆ ಬಿಡು, ಹೊಟ್ಟೆಪಾಡು. ಅಳೋರ ಮಾತು ಪೂರ್ತಿ ಕಿವಿಗೆ ಹಾಕ್ಕೋಬಾರದು.

ಒಲೆ ಯಾಕ ಹಚ್ತೀ? ಚಾ ಬ್ಯಾಡಪ. ಕುಡೀಬಾರದು ಅಂತಲ್ಲ, ನಿಮ್ಮನೇಲಿ ಚಾ ಕುಡಿಯಾಕೆ ಹತ್ತಿ ಎಂಟು ವರ್ಷ ಆತು. ನಮ್ಮ ಮನೆಯಾಕೆ ದ್ರಾಕ್ಷಾಯಣಮ್ಮಗೆ ಮಾತ್ರ ಇವತ್ತಿಗೂ ಹೇಳಿಲ್ಲ. ಆಯ್ತು, ಇಡು. ಕುಡಿಯಾಣ. ಬಾಯಿ ಒಣಗೈತೆ.

ಅಷ್ಟರಾಗೆ ಗಂಟು ಬಿಚ್ಚಿ ತೋರಿಸ್ತೀನಿ ನೋಡು. ತಂತಿ ಹಾಕಿ ತಂದೀನಿ, ಸಡಿಲ ಐತೆ, ಒಂದೂ ಬಿಗಿದಿಲ್ಲ. ಪಕ್ಕದ ಪಟ್ಟಿ ಹಲಸಿಂದು, ಬಿಸಿ ಕೊಳವಿಗೆ ಒತ್ತಿ ಬಗ್ಗಿಸಿದ್ದು, ಈ ಸಲ ಒಂದು ಕಡೆಗೂ ಸೀಳಿಲ್ಲ. ಎದೆ ಹಲಗೆ ನೀನು ಕೊಟ್ಟಿದ್ದೇ, ಮಿಲ್ಲಿಗೆ ಮಿಶಿನ್ನು ತುಂಬ್ಕೊಂಡು ಬಂದ ಪೆಟ್ಟಿಗೆ ಹಲಗೆ. ಬೆರಳಲ್ಲಿ ಬಡಿದು ನೋಡು. ಬಡಿ. ಮಡಕೆ ಹಂಗೆ ಅನ್ನಲ್ಲ ಈಗ, ಗಂಟೆ ಹಂಗೆ ಅಂತೈತೆ. ಇನ್ನು ಕುದುರೆ… ತಂತಿ ಹೊರೋ ಆ ಕುದುರೆ ನೀನೇ ಕೂರಿಸಿದ್ದು, ಇದೇ ಮನೆಯಾಗೆ. ನಮ್ಮ ಪದ್ಧತಿ ಅಲ್ಲವೇನು. ತನ್ನ ವಾದ್ಯದ ಕುದುರೆ ತಾನು ಕೂರಿಸಬಾರದು, ಆಸೆಗೆ ಕೈ ಅವಸರ ಮಾಡ್ತೈತೆ ಅಂತ ನೀನೇ ಹೇಳಿದ್ದು. ನನ್ನದು ನೀನು, ನಿನ್ನದು ನಾನು. ಮೊದಲ ಸಲ ತಂತಿ ಬಿಗಿಯೋವಾಗ ಕುದುರೆ ಕೂರಿಸಿದೋನೇ ಎದೆ ಹಲಗೆಗೆ ಕಿವಿ ಇಡಬೇಕು, ಎಲ್ಲಾದರೂ ಚಿಟ್ ಅಂದ್ರೆ ಅವನಿಗೇ ಮೊದಲು ಗೊತ್ತಾಗಬೇಕು, ಅವನೇ ನಿಲ್ಲಿಸು ಅನ್ನಬೇಕು. ಅವನೇ ಜಾಮೀನು.

ಈ ಸಲ ನಿನ್ನ ಸರದಿ. ಒತ್ತಾಯ ಇಲ್ಲ. ಆಗಿದ್ದು ಆದ ಮ್ಯಾಲೆ ಯಾರಿಗಾದರೂ ಎದೆ ಡವಡವ ಅಂತೈತೆ.

ಅವತ್ತು ನಾನು ಇಡಬೇಕಿತ್ತು, ಹೌದು. ಅದನ್ನ ನಾನು ಮರೆತಿಲ್ಲ. ಏನು ಮಾಡ್ಲಿ, ನನ್ನ ಕಿವಿ ಸೋರ್ತಿತ್ತು. ಹತ್ತಿ ತುರುಕಿಕೊಂಡಿದ್ದು ನೀನೇ ನೋಡಿದ್ದಿ. ದುರುಗವ್ವ ತಾನಾಗೇ ಅಂದ್ಲಲ್ಲ, ಬಿಡ್ರಿ ಮಾವ, ನಿಮ್ಮಿಬ್ಬರ ಮುದಿ ಕಿವಿಗಿಂತ ನಂದೇ ಚೊಲೋ ಐತೆ ಅಂತ. ನಕ್ಕೊಂಡೇ ಬಗ್ಗಿದ್ಲು. ಜಡೆ ಒಂದು ಕಡೆ ಸರಿಸಿ, ಕೆನ್ನೆ ಹಲಗೆಗೆ ಇಟ್ಟು, ಮುಖ ಕುದುರೆ ಕಡೆಗೆ… ಐದನೇ ತಂತಿ ತನಕ ಏನೂ ಆಗಲಿಲ್ಲ. ಆರನೇದು ನೀನು ಅರ್ಧ ತಿರುವಿದ್ದೆ. ಕುದುರೆ ಕಿತ್ತು ಎಗರಿದ ಶಬ್ದ ನನಗೆ ಈಗಲೂ ನಿದ್ದೆಯಾಗೆ ಕೇಳ್ತೈತೆ. ವಿಧಿ. ಶಿವನ ಲೆಕ್ಕ ನಮಗೆ ತಿಳಿಯೋದಲ್ಲ.

ನೀರು ಕುದೀತೈತೆ ನೋಡು. ಚಾ ಪುಡಿ ಹಾಕು.

ಕೈಯಾಗೆ ಅದೇನು ಹಿಡ್ಕೊಂಡು ಬಂದೆ?

ಅದನ್ನ ಯಾಕ ಇಟ್ಕೊಂಡಿದೀಯ ಮಾರಾಯ. ಎಸೀಬೇಕಿತ್ತು. ರಕ್ತ ಕಂಡ ಕಟ್ಟಿಗೆ ಮನೆಯಾಗೆ ಇಡಬಾರದು. ಆ ಕುದುರೆನ ಒಲೆಗಾದ್ರೂ ಹಾಕು… ನೀರಿಗೆ ಯಾಕ ಹಾಕ್ತೀ? ಕಲ್ಲಪ್ಪ? ಚಾ ಕಾಸೋ ಪಾತ್ರೆಯಲ್ಲವೇನು ಅದು?

ಅದ್ದಿ ಎತ್ತಿ ಮೂಸಿ ನೋಡ್ತೀಯ.

ರಹಮತ್ ಬೀ ಹೇಳಿಕೊಟ್ಲಾ ಹಿಂಗೆ ಮಾಡು ಅಂತ? ಬಿಸಿನೀರು ಬಿದ್ರೆ ವಜ್ರ ನಾರ್ತೈತೆ, ಹೌದು. ಒಣಗಿ ವರ್ಷ ಆಗಿದ್ರೂ ಸತ್ತ ದನದ ವಾಸನೆ ಬಿಡಲ್ಲ ಅದು. ಆದರೆ ಕೆಟ್ಟ ವಜ್ರ… ಕೆಟ್ಟ ವಜ್ರ ನಾರದೇನೂ ಇರಬಹುದು. ನನಗೆ ಗೊತ್ತಿಲ್ಲ ಅದೆಲ್ಲ. ಮೂಗಿನ ಹತ್ರ ಹಿಡೀಬ್ಯಾಡ. ತಗಿ. ನನಗೆ ಯಾವ ವಾಸನೇನೂ ಬರ್ತಿಲ್ಲ.

ಹೂಂ. ಬರ್ತಿಲ್ಲ.

ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡ್ತೀಯ. ನೋಡು. ನಿನಗೆ ನಾನೇನು ಹೇಳೋದು. ಇಪ್ಪತ್ತು ವರ್ಷ ಮಿಲ್ಲಿನ ಗಂಜಿ ಗುಡಾಣದಾಗೆ ಕೈ ಅದ್ದಿದೋನು ನೀನು. ಮುಟ್ಟಿದ್ರೆ ಹೇಳ್ತೀಯ, ಇದು ಯಾವ ಹಿಟ್ಟು, ಎಷ್ಟು ಕಾಸಿದ್ದು ಅಂತ. ಆರು ವಾರ ನಿನ್ನ ಕೈಯಾಗೇ ಇತ್ತಲ್ಲ ಅದು.

ಹುಣಸೆ ಬೀಜದ ಸರಿ, ಅಂಟುಗಂಜಿ. ಹೌದು. ಕಂಬಳಿ ನೇಯೋರು ಹಚ್ಚೋದು. ಹುರಿದು, ಬೀಸಿ, ನಾನೇ ಕಾಸಿದೆ.

ಕೇಳು ಇಲ್ಲಿ, ಪೂರ್ತಿ ಕೇಳಿ ಆಮ್ಯಾಲೆ ಏನಾದ್ರೂ ಮಾಡು. ಅದರ ಹಿಂದಿನ ಭಾನುವಾರ ನೀನು ನಿನ್ನ ಗಿಟಾರನ್ನೂ ವಜ್ರದ ಗಟ್ಟೀನೂ ಕೊಟ್ಟು ಹೋದೆ. ಐದು ದಿನ ಭಾರದ ಕೆಳಗೆ ಇರಬೇಕು, ನಾಳೇನೇ ಅಂಟಿಸ್ರಿ ಅಂದಿದ್ದಿ. ನಾಳೆ ಅಂದ್ರೆ ಶ್ರಾವಣ ಸೋಮವಾರ. ನಾನು ನಿನಗೆ ಆಗೋದಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಬೆಳಗ್ಗೆ ಹಿತ್ತಲಾಗೆ ಒಲೆ ಹೂಡಿ ವಜ್ರ ನೀರಿಗೆ ಹಾಕಿದೆ. ಕರಗಾಕೆ ಹತ್ತಿತು. ಆ ವಾಸನೆ ಹಿತ್ತಲಿಂದ ನಡುಮನೆಗೆ, ನಡುಮನೆಯಿಂದ ದೇವರ ಕೋಣೆಗೆ ಹೋತು. ದ್ರಾಕ್ಷಾಯಣಮ್ಮ ಪೂಜೆ ಅರ್ಧಕ್ಕೆ ಬಿಟ್ಟು ಬಂದು ಬಾಗಿಲಾಗೆ ನಿಂತ್ಲು. ಬಯ್ಯಲಿಲ್ಲ. ಲಿಂಗ ಅಂಗೈಯಾಗೆ ಇತ್ತು, ಅದನ್ನ ಸೆರಗಿನಾಗೆ ಮುಚ್ಚಿಕೊಂಡ್ಲು. ಅಷ್ಟೇ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಪಾತ್ರೆ ಸಮೇತ ಹೊಳೆಗೆ ಹೋಗಿ ಎಸೆದು, ತಲೆ ಮ್ಯಾಲೆ ನೀರು ಹಾಕ್ಕೊಂಡು ಬಂದೆ.

ಆಮ್ಯಾಲೆ ಹುಣಸೆ ಬೀಜದ ಸರಿ ಕಾಸಿದೆ. ಕಂಬಳಿ ಎಳೆ ಹಿಡಿದುಕೊಳ್ಳೋದು ಕಟ್ಟಿಗೆ ಹಿಡಿಯಲ್ಲವೇನು ಅಂತ. ತಿಳಿಗೇಡಿತನ. ಅದಕ್ಕೆ ಏನು ಶಿಕ್ಷೆ ಕೊಡ್ತೀಯ ಕೊಡು. ಆದರೆ ಮೋಸ ಅಲ್ಲ. ನಾನು ವಜ್ರ ಹಾಕೀನಿ ಅಂತ ಬಾಯಿ ಬಿಟ್ಟು ಹೇಳಿಲ್ಲ, ನೀನೂ ಕೇಳಲಿಲ್ಲ.

ಇದರದ್ದಾ? ನನ್ನದರ ಕುದುರೆಗಾ? ನೀನು ವಜ್ರಾನೇ ಹಾಕಿದ್ದು, ಗೊತ್ತು ನನಗೆ. ಒಣಗಿದ ಮ್ಯಾಲೆ ವಾಸನೆ ಇರಲಿಲ್ಲ. ನಿನ್ನ ಮನೆಯಾಗೆ ಕುದಿಸಿದ್ದು, ನನ್ನ ಕಣ್ಣಿಗೆ ಬಿದ್ದಿದ್ದಲ್ಲ. ಕಾಣದ್ದಕ್ಕೆ ಮೈಲಿಗೆ ಇಲ್ಲ ಅಂತ… ಹಂಗಂತ ಮನಸ್ಸಿಗೆ ಹೇಳ್ಕೊಂಡೆ. ದೇವರ ಕೋಣೆ ಪಕ್ಕದಾಗೇ ತೂಗುಹಾಕೀನಿ ಅದನ್ನ, ದಿನಾ.

ರಹಮತ್ ಬೀ ವಿಚಾರ… ಮಾಲತೇಶಪ್ಪ ಕೇಳಿದಾಗ ಬಾಯಿಗೆ ಬಂದ ಮೊದಲ ಹೆಸರು ಅದು. ನಾಳೆ ಹೋಗಿ ಹೇಳ್ತೀನಿ. ವಜ್ರ ಚೆನ್ನಾಗಿತ್ತು, ನಾನೇ ಹೊಳೆಗೆ ಎಸೆದೆ ಅಂತ ಬಡಗೇರ ನಾಲ್ಕು ಮಂದಿ ಎದುರಿಗೆ ಹೇಳ್ತೀನಿ. ಹೇಳದೆ ಇದ್ರೆ ನೀನು ಹೇಳು. ಆದರೆ ಕಲ್ಲಪ್ಪ, ಇದೊಂದು ನಂಬು. ಕುದುರೆ ಕೀಳ್ತೈತೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದು ನಾನು ಆ ಹುಡುಗಿನ… ನನ್ನ ಕಣ್ಣೆದುರಿಗೆ ಬೆಳೆದ ಕೂಸು ಅದು. ಗೊತ್ತಿರಲಿಲ್ಲ. ಲಿಂಗದಾಣೆ ಹಾಕ್ಲಾ?

ಏನು ಮಾಡ್ತೀ?

ನನ್ನ ಗಿಟಾರು ಯಾಕ ತಗೊಂಡೆ? ಒಡೀತೀಯಾ? ಒಡಿ, ನಾನು ಬ್ಯಾಡ ಅನ್ನಲ್ಲ. ಎಂಟು ವರ್ಷದ್ದು, ಒಡಿ.

ಓ… ನೆಲಕ್ಕೆ ಮಲಗಿಸಿದೆ.

ಬಗ್ಗಬ್ಯಾಡ. ಕಲ್ಲಪ್ಪ, ಕಿವಿ ಇಡಬ್ಯಾಡ ಅದಕ್ಕೆ. ನಾನು ಒತ್ತಾಯ ಇಲ್ಲ ಅಂದಿದ್ದೆ. ಮುಖ ಆಕಡೆ ತಿರುಗಿಸು, ಆ ಹುಡುಗಿ ಇಟ್ಟಂಗೇ ಇಟ್ಟೀಯಲ್ಲ… ತಂತಿ ಬಿಗಿಯೋ ಬಿರಟೆ ತಿರುವು ಅಂತ ಕೈ ಯಾಕ ಮಾಡ್ತೀ? ನಾನು ತಿರುವಲ್ಲ. ನಿನಗೆ ಹೆದರಿಕೆ ಇಲ್ಲೇನು?

ಇಲ್ಲ. ನಿನಗೆ ಯಾಕ ಹೆದರಿಕೆ ಇರ್ತೈತೆ. ನೀನು ಹಾಕಿದ್ದು ಏನು ಅಂತ ನಿನಗೆ ಗೊತ್ತು.

ಆಯ್ತು, ಹೇಳ್ತೀನಿ. ತಲೆ ಎತ್ತು, ಹೇಳ್ತೀನಿ… ಎತ್ತಲ್ಲ? ಹಂಗೇ ಕೇಳ್ತೀಯಾ?

ಶನಿವಾರ ಭಾರಕ್ಕೆ ಇಟ್ಟ ಬೀಸುಕಲ್ಲು ಎತ್ತಿದೆ. ಕುದುರೆ ಹಿಂಬದಿಗೆ ಸಂದು ಬಿಟ್ಟಿತ್ತು. ಉಗುರು ಹೋಗೋವಷ್ಟು. ಹುಣಸೆ ಸರಿ ಒಣಗಿ ಎದ್ದಿತ್ತು. ತಿರುಗಿ ಕಿತ್ತು ಅಂಟಿಸಾಕೆ ವಜ್ರ ಇರಲಿಲ್ಲ, ನಿನ್ನ ಕೇಳಾಕೆ ಮುಖ ಇರಲಿಲ್ಲ. ಜೇನುಮೇಣ ತುಂಬಿ, ಕೈಬಟ್ಟೆಯಾಗೆ ತಿಕ್ಕಿ ಹೊಳಪು ಮಾಡಿದೆ. ನಿಂತ್ರೂ ನಿಲ್ಲಬಹುದು ಅಂತ. ಭಾನುವಾರ ಗಾಡಿ ಇಳಿದು ನಿಮ್ಮ ಓಣಿ ತನಕ ಶಿವ ಶಿವ ಅಂತಾನೇ ಬಂದೆ.

ನನ್ನ ಕಿವಿಗೆ ಅವತ್ತು ಏನೂ ಆಗಿರಲಿಲ್ಲ ಕಲ್ಲಪ್ಪ. ಹತ್ತಿ ಇಟ್ಕೊಂಡಿದ್ದು ನಿಮ್ಮ ಓಣಿ ತಿರುವಿನಾಗೆ.